ದೇವರ ಹೊಗೆ

ಹತ್ತೊಂಬತ್ತನೆಯ ದಿನವೂ ಡೆಲ್ಫಿನೊ ಆರ್ಮಿಹೊ ಆ ಕಾಗದಕ್ಕೆ ಸಹಿ ಹಾಕಿದ, ಹಾಕುವಾಗ ಮೂಗಿಗೆ ಹೇಲಿನ ವಾಸನೆ ಬಂತು. ಕೋಣೆಯಲ್ಲಿ ಅಂಥದ್ದೇನೂ ಇರಲಿಲ್ಲ. ಕುದಿದು ಕುದಿದು ಕಹಿಯಾದ ಕಾಫಿ, ಯಾರೋ ತಂದಿಟ್ಟ ಸಕ್ಕರೆ ಮೆತ್ತಿದ ಡೋನಟ್ಟು, ಮೂರು ವಾರದಿಂದ ಎಲ್ಲರ ಅಂಗಿಯಲ್ಲೂ ಕೂತುಬಿಟ್ಟ ಹೊಗೆ, ಅಷ್ಟೆ. ಆದರೂ ಪೆನ್ನಿನ ತುದಿ 'ಬೆಂಕಿಯ ಕಾರಣ' ಎಂಬ ಸಾಲನ್ನು ದಾಟುವಾಗ ಆ ವಾಸನೆ ಬಂದೇ ಬರುತ್ತಿತ್ತು. ಆ ಸಾಲಿನ ಎದುರಿಗೆ ಮೊದಲ ದಿನ ಅವನೇ ತುಂಬಿದ ಒಂದು ಪದವಿತ್ತು, ಸಿಡಿಲು. ಯಂತ್ರ ಅದನ್ನು ದಿನಾ ಹೊಸದಾಗಿ ಅಚ್ಚು ಹಾಕಿಕೊಡುತ್ತಿತ್ತು. ಪಾಲೋಮಾ ಕಣಿವೆಯ ಬೆಂಕಿ ಕಾಡಿಗೆ ಒಳ್ಳೆಯದನ್ನೇ ಮಾಡುತ್ತಿದೆ, ಯಾರ ಜೀವಕ್ಕೂ ಮನೆಗೂ ಅಪಾಯವಿಲ್ಲ, ಇನ್ನೊಂದು ದಿನ ಉರಿಯಲು ಬಿಡಬಹುದು ಎಂದು ಬೆಂಕಿಯ ಉಸ್ತುವಾರಿ ಹೊತ್ತವನು ಪ್ರತಿ ಬೆಳಿಗ್ಗೆ ಬರೆದುಕೊಡಬೇಕು, ಅದರ ಕೆಳಗೆ ಅರಣ್ಯ ವಲಯದ ಅಧಿಕಾರಿ ಮಾರ್ಲಾ ಕೀಟಿಂಗ್ ಸಹಿ ಹಾಕಬೇಕು. ಮಾರ್ಲಾ ಹಾಕಿದಳು. ಅವಳ ತುಟಿಯ ಮೂಲೆಯಲ್ಲಿ ಸಕ್ಕರೆ ಪುಡಿ ಅಂಟಿಕೊಂಡಿತ್ತು. ಅದನ್ನವಳು ನಾಲಿಗೆ ಚಾಚಿ ತೆಗೆದುಕೊಂಡಳು. ಪಾಪ, ಅವಳ ತಪ್ಪೇನೂ ಇಲ್ಲ, ಆದರೂ ಅವನು ತನ್ನ ಕಾಫಿ ಲೋಟವನ್ನು ದೂರ ಸರಿಸಿದ.

"ಯಾಕೋ ಡೆಲ್ಫಿನೊ, ಮುಖ ಹಿಂಡ್ಕೊಂಡು ಕೂತಿದ್ದೀಯ?" ಅಂದಳು ಮಾರ್ಲಾ. "ಇಂಥದ್ದೊಂದು ಬೆಂಕಿ ಬರಲಿ ಅಂತ ಮೂವತ್ತು ವರ್ಷದಿಂದ ಹರಕೆ ಹೊತ್ತೋನು ನೀನು. ಬಂತಲ್ಲ. ಈಗಾದ್ರೂ ನಗು ಮಾರಾಯ."

"ಹೊಟ್ಟೆ ಸರಿ ಇಲ್ಲ."

"ಹತ್ತೊಂಬತ್ತು ದಿನದಿಂದಾನಾ?"

ಹೌದು ಅನ್ನಬೇಕೆಂದುಕೊಂಡ. ಮಾರ್ಲಾ ಆಗಲೇ ಬಾಗಿಲ ಕಡೆ ತಿರುಗಿ, ವಿಶ್ವವಿದ್ಯಾಲಯದಿಂದ ಬಂದ ಪ್ರೊಫೆಸರ್ ಹಾಲ್ವರ್ಸನ್‌ಗೆ ಕೈಕುಲುಕುತ್ತಿದ್ದಳು. "ಇವನೇ ನೋಡಿ ಸರ್, ನಮ್ಮ ಡೆಲ್ಫಿನೊ. ಈ ಬೆಂಕಿಯ ಅಪ್ಪ," ಅಂದಳು. ಎಲ್ಲರೂ ನಕ್ಕರು. ಕುಂಬಳಕಾಯಿ ಕಳ್ಳನ ಕೈ ಹೆಗಲಿಗೆ ಹೋಗುವ ಹಾಗೆ ಡೆಲ್ಫಿನೊನ ಕೈ ತಾನಾಗಿಯೇ ಪ್ಯಾಂಟಿನ ಹಿಂಬದಿಯನ್ನು ಸವರಿಕೊಂಡಿತು.

ಹರಕೆ ಹೊತ್ತದ್ದು ನಿಜ. ಕಾಡು ಉರಿಯಬೇಕು ಎಂದು ಅವನು ಹೇಳತೊಡಗಿದಾಗ ಅವನಿಗೆ ಇಪ್ಪತ್ತೆರಡು. ಅವನ ಅಪ್ಪ ನಲವತ್ತು ವರ್ಷ ಇದೇ ಬೆಟ್ಟಗಳಲ್ಲಿ ಸಲಿಕೆ ಹಿಡಿದು, ಎಲ್ಲಿ ಹೊಗೆ ಕಂಡರೂ ಓಡಿಹೋಗಿ ಆರಿಸಿ, ಆರಿಸಿದ್ದಕ್ಕೆ ಪದಕ ಪಡೆದು ಸತ್ತವನು. ಹೀಗೆ ಆರಿಸಿ ಆರಿಸಿಯೇ ಕಾಡು ಉಸಿರು ಕಟ್ಟಿಕೊಂಡಿತು, ದೊಡ್ಡ ಪೈನ್ ಮರಗಳ ಕಾಲ ಬುಡದಲ್ಲಿ ಕಡ್ಡಿಯಂಥ ಸಾವಿರ ಮರಿಮರಗಳು ಒತ್ತಿ ಬೆಳೆದು, ಹುಲ್ಲು ಸತ್ತು, ಜಿಂಕೆ ಹೋಗಿ, ಎಂದೋ ಒಂದು ದಿನ ಎಲ್ಲ ಸೇರಿ ಒಮ್ಮೆಗೇ ಧಗ್ಗೆಂದು ಹೊತ್ತಿ ಬೆಟ್ಟವೇ ಬೂದಿಯಾಗುತ್ತದೆ ಎಂದು ಮಗ ಹೇಳಿದರೆ ಅಪ್ಪ ಊಟದ ತಟ್ಟೆ ತಳ್ಳಿ ಎದ್ದು ಹೋಗಿದ್ದ. ಊರಲ್ಲಿ ಅವನಿಗೆ ಬೆಂಕಿಪೊಟ್ಟಣ ಎಂದು ಹೆಸರಿಟ್ಟರು. ನಿಯೆವೆಸ್‌ಳನ್ನು ಮದುವೆಯಾದಾಗ ಅವಳ ಚಿಕ್ಕಪ್ಪಂದಿರು ಮೊದಲು ಕೇಳಿದ್ದೇ, ಮನೆ ಎಷ್ಟು ದಿನ ಉಳಿಯುತ್ತಪ್ಪ ಅಂತ. ಕೊನೆಗೆ ಮೇಲಿನವರೂ ಒಪ್ಪಿದರು. ಆದರೆ ನಿಯಮ ಒಂದೇ ಒಂದು, ಗೋಡೆಯಷ್ಟು ಗಟ್ಟಿ. ಸಿಡಿಲು ಹೊತ್ತಿಸಿದ ಬೆಂಕಿಯಾದರೆ ಕಾವಲು ಕಾಯುತ್ತ ಉರಿಯಲು ಬಿಡಬಹುದು. ಮನುಷ್ಯ ಹೊತ್ತಿಸಿದ್ದಾದರೆ ಅದು ಎಷ್ಟೇ ಒಳ್ಳೆಯ ಬೆಂಕಿಯಾಗಿರಲಿ, ಕಂಡ ಗಳಿಗೆಯಿಂದ ಆರಿಸಲೇಬೇಕು. ಈ ನಿಯಮವನ್ನು ತರಬೇತಿಯಲ್ಲಿ ಅವನೇ ನೂರು ಸಲ ಓದಿ ಹೇಳಿದ್ದಾನೆ. ತನ್ನನ್ನು ಯಾರು ಹಚ್ಚಿದರೆಂಬುದು ಬೆಂಕಿಗೆ ಗೊತ್ತಾಗುತ್ತದೆಯೇ ಎಂದು ಯಾರೋ ಕೇಳಿದರೆ, ಬೆಂಕಿಗೆ ಗೊತ್ತಾಗಲ್ಲ, ನಮಗೆ ಗೊತ್ತಾಗುತ್ತೆ, ಅಷ್ಟು ಸಾಕು ಎಂದು ದೊಡ್ಡ ಜಾಣನ ಹಾಗೆ ಉತ್ತರ ಕೊಟ್ಟು ಚಪ್ಪಾಳೆ ಗಿಟ್ಟಿಸಿದ್ದಾನೆ. ಥೂ.

ಜೀಪು ಬೆಟ್ಟದ ಅಂಚಿಗೆ ಹತ್ತಿತು. ಪ್ರೊಫೆಸರ್ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಮಾತಾಡುತ್ತಿದ್ದ. ಕಣಿವೆಯ ಬಾಯಿಯಲ್ಲಿ, ಕಾಲುದಾರಿ ಶುರುವಾಗುವಲ್ಲಿ, ಡೆಲ್ಫಿನೊ ತನ್ನ ಕೈಯಾರೆ ಹುಗಿದು ನಿಲ್ಲಿಸಿದ ಹಲಗೆ ಇತ್ತು: 'ಶೌಚದ ಕಾಗದ ಸುಡಬೇಡಿ, ಹೂಳಿ.' ಪ್ರೊಫೆಸರ್ ಅದನ್ನು ಓದಿ ನಕ್ಕ. "ಇದರಿಂದ್ಲೂ ಬೆಂಕಿ ಬೀಳುತ್ತಾ?"

"ಬೀಳುತ್ತೆ ಸರ್. ಪೇಟೆಯಿಂದ ಬರೋ ಜನ," ಅಂದ ಡೆಲ್ಫಿನೊ.

ಹೊಗೆ ಕಾಣುವ ಎರಡು ದಿನ ಮೊದಲು, ಅವತ್ತು ಅವನಿಗೆ ರಜೆ. ಹಿಂದಿನ ದಿನ ತಂಗಿಯ ಮನೆಯಲ್ಲಿ ಹಸಿರು ಮೆಣಸಿನಕಾಯಿ ಹಾಕಿದ ಹಂದಿಮಾಂಸದ ಸಾರು ಮೂರು ಬಟ್ಟಲು ಹೊಡೆದಿದ್ದ. ಮೇಲಿನ ಬುಗ್ಗೆಯಲ್ಲಿ ನೀರಿದೆಯೋ ಬತ್ತಿದೆಯೋ ನೋಡಿಬರೋಣವೆಂದು ಒಬ್ಬನೇ ಕಣಿವೆ ಹತ್ತಿದ. ಅರ್ಧ ದಾರಿಗೆ ಹೊಟ್ಟೆ ಮುರಿಯಿತು. ಬಿದ್ದ ಮರವೊಂದರ ಹಿಂದೆ ಹೋಗಿ ಕೂತ. ಐವತ್ತೆರಡು ವರ್ಷದ ಮನುಷ್ಯ, ಮಂಡಿ ನಡುಗುತ್ತಿದೆ, ಬೆವರು ಕಿತ್ತುಬರುತ್ತಿದೆ, ನೊಣಗಳು ಆಗಲೇ ಸುದ್ದಿ ತಿಳಿದು ಬಂದಿವೆ. ಒರೆಸಿಕೊಂಡ ಕಾಗದವನ್ನು ಹಿಮ್ಮಡಿಯಿಂದ ಕೆದರಿದ ಗುಂಡಿಗೆ ಹಾಕಿ, ಏನನ್ನೂ ಯೋಚಿಸದೆ, ಜೇಬಿನ ಲೈಟರ್ ತೆಗೆದು ಸುಟ್ಟ. ಅಪ್ಪ ಕಲಿಸಿದ್ದು. ಕಾಡಲ್ಲಿ ತನ್ನ ಹೊಲಸು ಬಿಟ್ಟುಬರೋನು ಪೇಟೆಯೋನು, ನಾವು ಸುಟ್ಟು, ತುಳಿದು, ಕಲ್ಲು ಮುಚ್ಚಿ ಬರ್ತೀವಿ ಅಂತ ಏಳು ವರ್ಷದವನಿಗೆ ಹೇಳಿಕೊಟ್ಟದ್ದು ಕೈಯಲ್ಲಿ ಉಳಿದುಬಿಟ್ಟಿತ್ತು. ತಲೆಯಲ್ಲಿ ಮೂವತ್ತು ವರ್ಷದ ವಿದ್ಯೆ, ಕೈಯಲ್ಲಿ ಅಪ್ಪ. ಸುಟ್ಟ, ತುಳಿದ, ಚಪ್ಪಟೆ ಕಲ್ಲೊಂದು ಮುಚ್ಚಿದ. ಅಷ್ಟರಲ್ಲಿ ಗುಡುಗಿತು. ಮಳೆಯಿಲ್ಲದ ಒಣ ಗುಡುಗು. ಇಳಿದು ಓಡಿಬಂದ. ಆ ಸಂಜೆ ಆಫೀಸಿನ ಭೂಪಟದ ಮೇಲೆ ನಲವತ್ತೊಂದು ಸಿಡಿಲು ಬಿದ್ದ ಗುರುತಿತ್ತು, ಅದರಲ್ಲಿ ಒಂದು ಆ ಕಣಿವೆಯ ನೆತ್ತಿಯಲ್ಲೇ. ಎರಡು ದಿನ ಕಳೆದು ಹೊಗೆ ಎದ್ದಾಗ ಎಲ್ಲರೂ ಆ ಗುರುತಿನ ಮೇಲೆ ಬೆರಳಿಟ್ಟರು. ಹುಟ್ಟಿದ ಜಾಗ ನೋಡಿಬರಲು ಡೆಲ್ಫಿನೊ ಒಬ್ಬನೇ ಹೋದ, ಆ ಕೆಲಸ ಅವನಷ್ಟು ಬಲ್ಲವರಿಲ್ಲ. ಕಾಂಡಗಳ ಮೇಲಿನ ಮಸಿ ಯಾವ ಮಗ್ಗುಲಿಗಿದೆ, ಹುಲ್ಲಿನ ಬುಡ ಯಾವ ಕಡೆ ಬಾಗಿದೆ, ನೋಡುತ್ತ ನೋಡುತ್ತ ಬೆಂಕಿ ಬಂದ ದಾರಿಯಲ್ಲೇ ಹಿಂದಕ್ಕೆ ನಡೆದ. ನೆತ್ತಿಯ ಕಡೆಗೆ ಹೋಗಬೇಕಿತ್ತು ದಾರಿ. ಹೋಗಲಿಲ್ಲ. ಬಿದ್ದ ಮರಕ್ಕೆ ಬಂತು. ಚಪ್ಪಟೆ ಕಲ್ಲಿಗೆ ಬಂದು ನಿಂತಿತು.

ಅಲ್ಲಿ ಎಷ್ಟು ಹೊತ್ತು ಕುಕ್ಕರುಗಾಲಲ್ಲಿ ಕೂತಿದ್ದನೋ, ಮೊದಲ ಸಲ ಕೂತ ಹಾಗೆಯೇ. ಆಮೇಲೆ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಕಣಿವೆಗೆ ಎಸೆದ. ಕಾಗದ ಸುಟ್ಟದ್ದು ಮರೆವು, ಅಭ್ಯಾಸ, ಹಾಳಾಗಿ ಹೋಗಲಿ ಅನ್ನಬಹುದು. ಕಲ್ಲು ಎಸೆದದ್ದಕ್ಕೆ ಅಂಥ ಹೆಸರು ಇರಲಿಲ್ಲ. ರೇಡಿಯೋದಲ್ಲಿ ಮಾರ್ಲಾ ಕಾರಣ ಕೇಳಿದಳು. "ಸಿಡಿಲು," ಅಂದ. ದನಿ ಒಂದಿಷ್ಟೂ ನಡುಗಲಿಲ್ಲ, ಅದೇ ಈಗ ಅವನಿಗೆ ಎಲ್ಲಕ್ಕಿಂತ ಹೇಸಿಗೆಯೆನಿಸುವುದು.

"ಅಬ್ಬ! ನೋಡಿ, ನೋಡಿ!" ಪ್ರೊಫೆಸರ್ ಜೀಪಿನಿಂದ ಇಳಿದು ಎರಡೂ ಕೈ ಚಾಚಿದ್ದ. ಕೆಳಗಿನ ಇಳಿಜಾರಿನಲ್ಲಿ ಬೆಂಕಿ ಮಂಡಿಯೆತ್ತರದಲ್ಲಿ ಸಾಲು ಹಿಡಿದು ಮೆಲ್ಲಗೆ ಹೋಗುತ್ತಿತ್ತು. ಮರಿಮರಗಳನ್ನೂ ಒಣ ಸೂಜಿಯೆಲೆಯನ್ನೂ ಮೆಲ್ಲುತ್ತ, ದೊಡ್ಡ ಪೈನ್ ಮರಗಳ ದಪ್ಪ ತೊಗಟೆಯನ್ನು ಬರೀ ಮುಟ್ಟಿ ಬಿಟ್ಟು. ಹಿಂದೆ, ಮೊದಲ ವಾರ ಸುಟ್ಟ ಜಾಗದಲ್ಲಿ ಆಗಲೇ ಹಸಿರು ಹುಲ್ಲು ಮೊಳೆತು ನಾಲ್ಕು ಎಲ್ಕ್ ಜಿಂಕೆಗಳು ಮೇಯುತ್ತಿದ್ದವು. ಎಲ್ಲಿಂದಲೋ ಮರಕುಟಿಕ ಕುಟ್ಟುತ್ತಿತ್ತು. ಚೆಂದವಾಗಿತ್ತು. ಅದು ಚೆಂದವಾಗಿರುವುದೇ ಅವನಿಗೆ ಸಹಿಸಲಾಗುತ್ತಿರಲಿಲ್ಲ. ಕೆಟ್ಟದಾಗಿ ಉರಿದಿದ್ದರೆ, ಒಂದಿಷ್ಟು ಗದ್ದಲ ಎಬ್ಬಿಸಿದ್ದರೆ, ಹೇಳಿಬಿಡುತ್ತಿದ್ದನೇನೋ. ಇವನು ಇಡೀ ಜೀವಮಾನ ಬೇಡಿಕೊಂಡ ಬೆಂಕಿ ಇದೇ, ಹೀಗೆಯೇ, ಅದು ಇವನ ಕುಂಡೆಯ ಕೆಳಗಿನಿಂದ ಎದ್ದು ಬಂದಿತ್ತು. ಪ್ರೊಫೆಸರ್ ಬಗ್ಗಿ ಒಂದು ಹಿಡಿ ಬೂದಿ ಎತ್ತಿ, ಅಂಗೈಯಲ್ಲಿ ತಿಕ್ಕಿ, ಮೂಗಿಗೆ ಹಿಡಿದು ಕಣ್ಣು ಮುಚ್ಚಿದ. "ಎಂಥಾ ಸುವಾಸನೆ!" ಡೆಲ್ಫಿನೊ ಮುಖ ತಿರುಗಿಸಿಕೊಂಡ.

"ಸಿಡಿಲು ಬಡಿದ ಮರ ಎಲ್ಲಿದೆ?" ಕೇಳಿದ ಪ್ರೊಫೆಸರ್. "ಒಂದು ಫೋಟೋ ಬೇಕಿತ್ತು. ಪುಸ್ತಕದ ಮೊದಲ ಪುಟಕ್ಕೆ."

"ಉರಿದು ಬಿದ್ದುಹೋಯ್ತು ಸರ್."

"ಬುಡವಾದ್ರೂ?"

"ಬುಡಾನೂ." ಒಂದು ಸುಳ್ಳಿನ ಬೆನ್ನಿಗೆ ನೂರು ಸುಳ್ಳು ಎಂದು ಅಜ್ಜಿ ಹೇಳುತ್ತಿದ್ದದ್ದು ಕಮ್ಮಿಯೇ ಆಯಿತು. ಒಂದು ಇಡೀ ಮರವನ್ನೇ ಇವನು ಹುಟ್ಟಿಸಿ, ಸುಟ್ಟು, ಬೀಳಿಸಿದ್ದ.

ಫೋನು ಬಂತು. ನಿಯೆವೆಸ್. ಅವಳು ಪೇಟೆಯ ಶಾಲೆಯಲ್ಲಿ ಅಡುಗೆಯ ಮೇಲ್ವಿಚಾರಕಿ. ಹಿಂದೆ ಪಾತ್ರೆಗಳ ಸದ್ದಿನ ಮೇಲೆ ಕೂಗಿ ಮಾತಾಡುತ್ತಿದ್ದಳು. "ಫಿನೊ, ಡಾಕ್ಟರ್ ಫೋನ್ ಮಾಡಿದ್ರು. ಅಮ್ಮನ ಶ್ವಾಸಕೋಶದ ಫೋಟೋ ಬಂತಂತೆ. ಇನ್ನೊಂದು ವಾರ ಈ ಹೊಗೆಯಲ್ಲಿ ಇದ್ರೆ ಕೈಮೀರುತ್ತೆ ಅಂದ್ರು. ಕೇಳಿಸ್ತಾ? ಕೈಮೀರುತ್ತೆ ಅಂದ್ರು. ಮಧ್ಯಾಹ್ನ ಕಾರು ತಗೊಂಡು ಬರ್ತೀನಿ, ಇವತ್ತು ನಮ್ಮನೆಗೆ ಕರ್ಕೊಂಡು ಹೋಗಲೇಬೇಕು. ನೀನು ಹತ್ರದಲ್ಲೇ ಇದ್ದೀಯ, ಮೊದಲು ಹೋಗು. ನಾನು ಬರೋಷ್ಟರಲ್ಲಿ ಒಪ್ಪಿಸಿರು. ನನ್ನ ಮಾತು ಕೇಳಲ್ಲ ಅವಳು, ನಿನ್ನ ಮಾತು ಕೇಳ್ತಾಳೆ."

"ಬೆಂಕಿ ಆರಿಸೋಕಾಗಲ್ಲ ನಿಯೆವೆಸ್," ಅಂದ. ಆರಿಸು ಅಂತ ಅವಳು ಕೇಳಿರಲೇ ಇಲ್ಲ.

"ಬೆಂಕಿ ಮಾತು ಯಾರು ಆಡಿದ್ರು ಈಗ? ಅಮ್ಮನ ಮಾತು ಆಡ್ತಿದ್ದೀನಿ."

ಪ್ರೊಫೆಸರ್‌ನನ್ನು ಆಫೀಸಿಗೆ ಬಿಟ್ಟು ಲಾ ಪಾಲೋಮಾ ಊರಿಗೆ ಇಳಿಯುವ ದಾರಿಯುದ್ದಕ್ಕೂ ಅವನು ಲೆಕ್ಕ ಒಪ್ಪಿಸುತ್ತಿದ್ದ, ಯಾರಿಗೋ. ಈಗ ನಿಜ ಹೇಳಿದರೆ ಬೆಂಕಿ ಆರಿಸಬೇಕಾಗುತ್ತದೆ, ಆ ಕಡಿದಾದ ಕಣಿವೆಗೆ ಅರವತ್ತು ಜನರನ್ನು ಇಳಿಸಬೇಕಾಗುತ್ತದೆ, ಒಬ್ಬನ ಮೇಲೆ ಕಲ್ಲುರುಳಿದರೂ ಆ ಪಾಪ ಯಾರಿಗೆ? ಇನ್ನು ಮೂವತ್ತು ವರ್ಷ ಈ ಬೆಟ್ಟದಲ್ಲಿ ಯಾರೂ ಒಂದು ಸಿಡಿಲಿನ ಬೆಂಕಿಯನ್ನು ಉರಿಯಲು ಬಿಡುವ ಧೈರ್ಯ ಮಾಡುವುದಿಲ್ಲ, ಕಾಡು ಮತ್ತೆ ಉಸಿರು ಕಟ್ಟಿಕೊಳ್ಳುತ್ತದೆ. ಎಲ್ಲ ನಿಜ. ಒಂದೊಂದು ಮಾತೂ ನಿಜ. ಅದರ ತಳದಲ್ಲಿ ಇನ್ನೊಂದು ಮಾತು ಕೂತಿತ್ತು, ಜನ ನಗುತ್ತಾರೆ ಎಂಬುದು. ಬೆಂಕಿಪೊಟ್ಟಣ ಹೇತು ಕಾಡು ಸುಟ್ಟ ಅನ್ನುತ್ತಾರೆ, ಇವನು ಸತ್ತ ಮೇಲೂ ಅನ್ನುತ್ತಾರೆ. ಮೇಲಿನ ಒಳ್ಳೊಳ್ಳೆಯ ಕಾರಣಗಳೆಲ್ಲ ಈ ಒಂದಕ್ಕೆ ಹೊದಿಸಿದ ಕಂಬಳಿ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಊರು ಕಣಿವೆಯ ತಳದಲ್ಲಿ ಹೊಗೆಯಲ್ಲಿ ಮುಳುಗಿತ್ತು. ಎದುರಿನ ಚರ್ಚಿನ ಗೋಡೆ ಕಾಣುತ್ತಿರಲಿಲ್ಲ. ಬೇಲಿಯ ಮೇಲೆ ಒಣಹಾಕಿದ ಬಟ್ಟೆಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಯಾರೂ ಬೈಯಲಿಲ್ಲ ಅವನನ್ನು. ಟೋಪಿ ಎತ್ತಿ ನಮಸ್ಕಾರ ಹೇಳಿದರು. ಆಲಿಕಲ್ಲು ಬೆಳೆ ಕೊಂದರೂ, ಸಿಡಿಲು ದನ ಕೊಂದರೂ ಈ ಊರಲ್ಲಿ ಯಾರೂ ಗೊಣಗುವುದಿಲ್ಲ, ಆಕಾಶದಿಂದ ಬಂದದ್ದಕ್ಕೆ ಯಾಕೆಂದು ಕೇಳುವುದಿಲ್ಲ, ಅದಕ್ಕೆ ಹೆದರಿ ಮನೆ ಬಿಟ್ಟು ಓಡುವುದು ದೇವರಿಗೆ ಬೆನ್ನು ತೋರಿಸಿದ ಹಾಗೆ. ಮೇಲಿನವರ ಪತ್ರಗಳಿಗೆ, ಸಭೆಗಳಿಗೆ ಈ ಊರು ಜಗ್ಗುತ್ತಿರಲಿಲ್ಲ. ಸಿಡಿಲು ಎಂಬ ಒಂದು ಪದಕ್ಕೆ ಜಗ್ಗಿತು.

ನಿಯೆವೆಸ್‌ಳ ತಾಯಿ ಸೆಫೆರಿನಾ ಜಗಲಿಯಲ್ಲೇ ಕೂತಿದ್ದಳು. ಎಂಬತ್ತೊಂದು ವರ್ಷ, ಒಂದು ಹಿಡಿ ಮೂಳೆ. ಬಾಗಿಲು ಕಿಟಕಿ ಎಲ್ಲ ತೆರೆದೇ ಇದ್ದವು. ತುಟಿ ನೀಲಿಗಟ್ಟಿತ್ತು, ನಕ್ಕಾಗ ಇನ್ನೂ ನೀಲಿಯಾಗಿ ಕಂಡಿತು. "ಬಂದ್ಯಾ ಮಗಾ? ಒಳಗೆ ಬಾ. ಕಾಳು ಬೆಂದಿದೆ, ಕೆಂಪು ಮೆಣಸಿನಕಾಯಿ ಗೊಜ್ಜು ಮಾಡಿದ್ದೀನಿ. ಎಷ್ಟು ಸೊರಗಿದ್ದೀಯೋ, ನನ್ನ ಮಗಳು ಊರ ಮಕ್ಕಳಿಗೆಲ್ಲ ಬಡಿಸ್ತಾಳೆ, ಗಂಡನಿಗೆ ಹಾಕಲ್ವಾ?" ಇಷ್ಟು ಹೇಳುವಷ್ಟರಲ್ಲಿ ಎರಡು ಸಲ ನಿಂತು ಉಸಿರು ಎಳೆದುಕೊಂಡಳು. ಆ ಎಳೆಯುವ ಸದ್ದು ಅವನಿಗೆ ಬೆನ್ನ ಹುರಿಯಲ್ಲಿ ಕೇಳಿಸಿತು.

ಒಳಗೆ ಗೋಡೆಯ ಗೂಡಿನಲ್ಲಿ ಮರದಲ್ಲಿ ಕೆತ್ತಿದ ಸಂತರ ಬೊಂಬೆಗಳ ಸಾಲು, ಮುಂದೆ ದೀಪ, ದೀಪದ ಪಕ್ಕದಲ್ಲಿ ಒಂದು ಮರದ ಚಕ್ಕೆ. ಸಿಡಿಲು ಬಡಿದ ಮರದ ಚಕ್ಕೆ ಮನೆಯಲ್ಲಿದ್ದರೆ ಸಿಡಿಲು ಆ ಮನೆಗೆ ಬಾರದು. ಬೆಂಕಿಯ ಮೂರನೆಯ ದಿನ ಅವಳೇ ಕೇಳಿದ್ದಳು, ಅದು ಹೊತ್ತಿದ ಮರದಿಂದ ನನಗೊಂದು ಚಕ್ಕೆ ತಂದ್ಕೊಡು ಮಗಾ ಅಂತ. ಡೆಲ್ಫಿನೊ ತಂದುಕೊಟ್ಟಿದ್ದ. ಅದನ್ನವಳು ಕಣ್ಣಿಗೊತ್ತಿಕೊಂಡಿದ್ದಳು. ಈಗ ಮೇಜಿನ ಮುಂದೆ ಕೂತು ಅವನು ಆ ಚಕ್ಕೆಯ ಕಡೆ ನೋಡದಿರಲು ಬಟ್ಟಲ ಕಡೆ ನೋಡಿದ.

"ಅತ್ತೆ, ನಿಯೆವೆಸ್ ಬರ್ತಿದ್ದಾಳೆ. ನೀವು ಇವತ್ತು ನಮ್ಮನೆಗೆ ಹೊರಡಬೇಕು."

"ಶುರು ಮಾಡಿದ್ಯಾ ನೀನೂ? ನನ್ನ ಗಂಡ ಕಸಿಮಿರೊನ್ನ ಕುದುರೆ ಮೇಲಿದ್ದ ಹಾಗೇ ಸಿಡಿಲು ಬಡಿದು ಕರ್ಕೊಂಡ ಆ ದೇವರು. ಅವತ್ತೇ ನಾನು ಯಾಕೆ ಅಂತ ಕೇಳಲಿಲ್ಲ. ಮೂವತ್ತಾರು ವರ್ಷದ ಮುಂಡೆ ಆಗಿದ್ದೆ, ಬಾಯಿ ಮುಚ್ಕೊಂಡು ಮಣ್ಣು ಮಾಡಿದೆ. ಇವತ್ತು ಒಂದು ಕೆಮ್ಮಿಗೆ ಹೆದರಿ ಓಡ್ಲಾ? ಇದು ಅವನ ಹೊಗೆ ಕಣೋ. ಅವನು ಕೊಟ್ಟಿದ್ದನ್ನ ಕುಡೀಬೇಕು."

"ಅತ್ತೆ." ಬಾಯಲ್ಲಿ ಬಿಸಿ ತುಪ್ಪ, ಹತ್ತೊಂಬತ್ತು ದಿನದಿಂದ ಉಗುಳಲೂ ಆಗದೆ ನುಂಗಲೂ ಆಗದೆ. "ಅದು ದೇವರದಲ್ಲ. ಸಿಡಿಲಲ್ಲ. ನಾನು."

"ನೀನು ಏನು?"

"ನಾನು ಹಚ್ಚಿದ್ದು. ಬೇಕಂತ ಅಲ್ಲ. ರಜೆ ದಿನ ಕಣಿವೆ ಕಡೆ ಹೋಗಿದ್ದೆ. ಹೊಟ್ಟೆ ಕೆಟ್ಟಿತ್ತು. ಅಲ್ಲೇ, ಹೊರಕಡೆಗೆ..." ಹೆಂಡತಿಯ ತಾಯಿಯ ಮುಂದೆ, ಸಂತರ ಮುಂದೆ, ಅವಳು ಬಡಿಸಿದ ಊಟದ ಮುಂದೆ ಆ ಮಾತಿಗೆ ಯಾವ ಬಟ್ಟೆ ಉಡಿಸುವುದೋ ತಿಳಿಯಲಿಲ್ಲ.

"ಹೇತ್ಯಾ?" ಅಂದಳು ಮುದುಕಿ.

"ಹೂಂ."

"ಅದಕ್ಕೂ ಬೆಂಕಿಗೂ ಏನೋ ಸಂಬಂಧ?"

"ಒರೆಸ್ಕೊಂಡ ಕಾಗದ ಸುಟ್ಟೆ. ಅಪ್ಪ ಕಲಿಸಿದ ಹಾಗೆ. ಆರಿದೆ ಅಂದ್ಕೊಂಡೆ. ಆರಿರಲಿಲ್ಲ."

ಸೆಫೆರಿನಾ ಅವನ ಮುಖವನ್ನೇ ನೋಡಿದಳು. ಕಿಟಕಿಯಿಂದ ಹೊಗೆ ಒಳಗೆ ಬರುತ್ತಿತ್ತು, ಬಿಸಿಲಿನ ಕೋಲಿನಲ್ಲಿ ಅದು ಸುತ್ತುವುದು ಕಾಣುತ್ತಿತ್ತು. ಅವಳ ಬಾಯಿಯ ಮೂಲೆ ಅದುರಿತು. ಅಳುತ್ತಾಳೆಂದುಕೊಂಡ. ಅವಳು ನಕ್ಕಳು. ಹುಡುಗಿಯ ಹಾಗೆ, ಹೊಟ್ಟೆ ಹಿಡಿದುಕೊಂಡು, ಅಯ್ಯೋ ಅಯ್ಯೋ ಅನ್ನುತ್ತ ನಕ್ಕಳು. "ಹತ್ತೊಂಬತ್ತು ದಿನ ಮಂಡಿಯೂರಿ ಪ್ರಾರ್ಥನೆ ಮಾಡಿದೆನಲ್ಲೋ ಅದಕ್ಕೆ!" ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಮೈಯೆಲ್ಲ ಬಿಲ್ಲಿನಂತೆ ಬಗ್ಗಿ, ಕಣ್ಣು ಮೇಲಕ್ಕೆ ಹೋಗಿ, ಮೇಜಿನ ಅಂಚು ಹಿಡಿದ ಬೆರಳುಗಳು ಬಿಳಿಚಿದವು. ಅವನು ಎದ್ದು ಬೆನ್ನು ಹಿಡಿದುಕೊಂಡ. ಅಂಗೈಯ ಕೆಳಗೆ ಅವಳ ಪಕ್ಕೆಲುಬುಗಳು ಒಣ ಪುಳ್ಳೆಗಳಂತೆ ಏಳುತ್ತಿದ್ದವು. ಕೊನೆಗೆ ಕರವಸ್ತ್ರಕ್ಕೆ ಏನೋ ಬಿತ್ತು. ಅವಳು ಮಡಿಚಿಕೊಳ್ಳುವ ಮೊದಲು ಅವನು ನೋಡಿಬಿಟ್ಟ, ಕಫದಲ್ಲಿ ಕರಿ ಗೆರೆಗಳಿದ್ದವು. ಅದು ತನ್ನದು ಎಂದು ಹೊಳೆಯಿತು. ತಾನು ಗುಂಡಿ ತೋಡಿ ಮುಚ್ಚಿದ್ದು ಸುತ್ತಿ ಬಳಸಿ ಈ ಮುದುಕಿಯ ಎದೆಯೊಳಗೆ ಹೋಗಿ ಕೂತಿದೆ.

"ಹಾಗಾದ್ರೆ ಇದು?" ಉಸಿರು ಕೂಡಿಕೊಂಡ ಮೇಲೆ ಸಂತರ ಗೂಡಿನ ಕಡೆ ಕೈ ತೋರಿಸಿದಳು.

"ಬೇರೆ ಗುಡ್ಡದ್ದು. ಹಳೇ ಮರ."

"ಅದಕ್ಕಾದ್ರೂ ಸಿಡಿಲು ಬಡಿದಿತ್ತಾ?"

"ಬಡಿದಿತ್ತು. ಯಾವ ಕಾಲದಲ್ಲೋ."

"ಸದ್ಯ, ಅಷ್ಟಾದ್ರೂ ಮಾಡಿದ್ಯಲ್ಲ." ಕರವಸ್ತ್ರವನ್ನು ತೋಳಿನೊಳಗೆ ಸಿಕ್ಕಿಸಿಕೊಂಡಳು. "ನಿಯೆವೆಸ್‌ಗೆ ಗೊತ್ತಾ?"

"ಇಲ್ಲ."

"ನಿನ್ನ ಆಫೀಸಿನ ಆ ಹೆಂಗಸಿಗೆ?"

"ಇಲ್ಲ ಅತ್ತೆ. ನಿಮಗೊಬ್ಬರಿಗೇ ಹೇಳಿದ್ದು. ಇದು ಬರೀ ನನ್ನ ಹೊಲಸು, ಇದಕ್ಕೋಸ್ಕರ ನೀವು ಇಲ್ಲಿ ಕೂತು ಸಾಯಬೇಕಾಗಿಲ್ಲ. ಹೊರಡಿ. ದಯವಿಟ್ಟು."

ಅವಳು ಎದ್ದು ಹೋಗಿ ಅವನ ಬಟ್ಟಲಿಗೆ ಇನ್ನೊಂದು ಸೌಟು ಕಾಳು ಹಾಕಿದಳು, ಬಿಸಿ ತೋರ್ತಿಯಾ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ತಂದಿಟ್ಟಳು. ಆಮೇಲೆ ಹೇಳಿದಳು: "ಸಿಡಿಲಿನ ಬೆಂಕಿಗೆ ಹೆದರಿ ಸೆಫೆರಿನಾ ಮನೆ ಬಿಡೋಳಲ್ಲ ಅಂತ ಚರ್ಚಿನ ಮುಂದೆ ನಿಂತು ಹೇಳಿದ್ದೀನಿ. ಈಗ ಗಂಟುಮೂಟೆ ಹೊತ್ಕೊಂಡು ಹೊರಟ್ರೆ ಯಾಕಮ್ಮಾ ಅಂತ ಊರೇ ಕೇಳುತ್ತೆ. ನನಗೆ ಸುಳ್ಳು ಹೇಳೋಕೆ ಬರಲ್ಲ ಮಗಾ. ಬಾಯಿ ತೆರೆದ್ರೆ ನಿನ್ನ ಮಾನ ಹರಾಜಾಗುತ್ತೆ. ಇಲ್ಲೇ ಇದ್ದುಬಿಟ್ರೆ ಬಾಯಿ ತೆರೆಯೋದೇ ಬೇಕಿಲ್ಲವಲ್ಲ."

"ಬೇಡ ಅತ್ತೆ." ಹೇಳಿದ ಅವನು. ಹೇಳುವಾಗಲೇ ಎದೆಯಲ್ಲಿ ಏನೋ ಬಿಗಿ ಸಡಿಲಿತು. ಮೈ ಹಗುರಾಯಿತು. ಸಂತೋಷವೇ ಅದು, ಬೇರೆ ಏನಲ್ಲ, ಪರೀಕ್ಷೆ ಮುಂದಕ್ಕೆ ಹೋಯಿತೆಂದು ತಿಳಿದ ಹುಡುಗನ ಸಂತೋಷ. ಥೂ ನಿನ್ನ ಜನ್ಮಕ್ಕಿಷ್ಟು ಎಂದು ತನಗೆ ತಾನೇ ಉಗಿದುಕೊಂಡ, ಉಗಿದುಕೊಂಡ ಮೇಲೂ ಅದು ಹೋಗಲಿಲ್ಲ. ರೊಟ್ಟಿ ಮುರಿದು ಕಾಳಿಗೆ ಅದ್ದಿ ಬಾಯಿಗಿಟ್ಟ. ಹಸಿದಿದ್ದ. ಎಷ್ಟು ಹಸಿದಿದ್ದನೆಂದರೆ ಅವಳು ಎದುರಿಗೆ ಕೂತು ಸೀಟಿಯಂಥ ಸದ್ದು ಮಾಡುತ್ತ ಉಸಿರೆಳೆಯುತ್ತಿದ್ದರೂ ತಿನ್ನುವುದು ನಿಲ್ಲಲಿಲ್ಲ.

ಹೊರಗೆ ಕಾರು ನಿಂತಿತು. ನಿಯೆವೆಸ್ ಅಡುಗೆಮನೆಯ ಏಪ್ರನ್ನಿನಲ್ಲೇ ಬಂದಿದ್ದಳು. ಮೂಗು ಬಾಯಿ ಬಟ್ಟೆಯಿಂದ ಕಟ್ಟಿಕೊಂಡಿದ್ದಳು. ತಾಯಿಯ ಮುಖ ನೋಡಿದವಳೇ ಕಟ್ಟಿದ್ದನ್ನು ಕಿತ್ತು ಬಿಸಾಕಿದಳು. "ದೇವರೇ, ತುಟಿ ನೋಡು! ಏಳಮ್ಮ. ಒಂದು ಮಾತೂ ಬೇಡ. ಚಪ್ಪಲಿ ಎಲ್ಲಿ?"

"ನಾನು ಬರಲ್ಲ."

"ಅದೇ ಹಳೇ ರಾಗನಾ? ದೇವರ ಬೆಂಕಿ, ದೇವರ ಹೊಗೆ?"

ಸೆಫೆರಿನಾ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅಳಿಯನ ಕಡೆ ನೋಡಿದಳು. ನಿಯೆವೆಸ್ ಕೂಡ ಅವನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಹೊಗೆಗೋ, ಅಳುವಿಗೋ.

"ನೀನಾದ್ರೂ ಹೇಳು ಫಿನೊ. ನಿನಗಿಂತ ಬೆಂಕಿ ಬಲ್ಲೋರು ಯಾರಿದ್ದಾರೆ? ಹೊರಡಿ ಅಂತ ಹೇಳು. ಅಮ್ಮ ಸತ್ತುಹೋಗ್ತಾಳೆ."

ಒಂದು ವಾಕ್ಯ ಸಾಕಿತ್ತು. ಅದನ್ನು ಆಗಲೇ ಒಂದು ಸಲ ಹೇಳಿ ಆಗಿತ್ತು, ಬಾಯಿಗೆ ದಾರಿ ಗೊತ್ತಿತ್ತು. ಇಬ್ಬರು ಹೆಂಗಸರು, ಒಂದು ಕೋಣೆ, ಇವರಲ್ಲಿ ಯಾರೂ ಅವನನ್ನು ನೇಣಿಗೆ ಹಾಕುವವರಲ್ಲ. ನಾಲಿಗೆ ಮೇಲಕ್ಕೆದ್ದಿತು. ನಿಯೆವೆಸ್‌ಳ ಮುಖ ಹೇಗೆ ಬದಲಾಗುತ್ತದೆಂದು ಅವನಿಗೆ ಕಾಣಿಸಿತು, ಮೊದಲು ಅರ್ಥವಾಗದೆ, ಆಮೇಲೆ ಅರ್ಥವಾಗಿ, ಆಮೇಲೆ ಮೂಗು ಇಷ್ಟೇ ಇಷ್ಟು ಮುದುಡಿ. ಆ ಮುದುಡುವ ಮೂಗಿನ ಪಕ್ಕದಲ್ಲಿ ಇನ್ನು ಮಲಗಬೇಕಾಗುತ್ತದೆ, ಬದುಕಿರುವವರೆಗೂ.

"ಸಿಡಿಲಿನ ಬೆಂಕಿ ನಿಯೆವೆಸ್," ಅಂದ. "ಅವರ ನಂಬಿಕೆ ಅವರಿಗೆ. ದೊಡ್ಡೋರು. ಬಲವಂತ ಮಾಡಬೇಡ."

ನಿಯೆವೆಸ್ ಅವನನ್ನೂ ತಾಯಿಯನ್ನೂ ಒಂದೊಂದು ಸಲ ನೋಡಿದಳು. "ಇಬ್ಬರೂ ಸೇರಿ ನನ್ನ ಕೊಲ್ತೀರಿ," ಅಂದಳು. ಆಕ್ಸಿಜನ್ ಯಂತ್ರವನ್ನಾದರೂ ತರುತ್ತೇನೆಂದು ಕಾರಿನ ಕಡೆ ಹೋದಳು. ಅವಳು ಕಾರಿನ ಹಿಂಬಾಗಿಲು ತೆರೆಯಲು ಗುದ್ದಾಡುವುದು ಕೇಳಿಸುತ್ತಿತ್ತು.

ಸೆಫೆರಿನಾ ಮೇಜಿನ ಮೇಲಿನ ರೊಟ್ಟಿಯ ಚೂರುಗಳನ್ನು ಅಂಗೈಯಿಂದ ಬಳಿದು ಒಟ್ಟು ಮಾಡಿದಳು. ಅವನ ಮುಖ ನೋಡಲಿಲ್ಲ.

"ಹೇಳ್ತೀಯೇನೋ ಅಂತ ಕಾದೆ ಮಗಾ," ಅಂದಳು, ಮಗಳಿಗೆ ಕೇಳಿಸದ ಹಾಗೆ. "ಅವಳೆದುರಿಗೆ ನೀನೇ ಹೇಳಿಬಿಟ್ಟಿದ್ರೆ ಹೊರಟೇಬಿಡ್ತಿದ್ದೆ. ಭಾನುವಾರವೇ ಚೀಲ ಕಟ್ಟಿ ಮಂಚದ ಕೆಳಗೆ ಇಟ್ಟಿದ್ದೀನಿ. ನನಗೂ ಬದುಕೋಕೆ ಆಸೆ ಇದೆ ಕಣೋ."

ಅವನ ಬಾಯಲ್ಲಿ ತುತ್ತಿತ್ತು. ಮಾತಾಡಬೇಕಾದರೆ ನುಂಗಬೇಕಿತ್ತು, ನುಂಗಿದ. ನಿಯೆವೆಸ್ ಯಂತ್ರ ಹೊತ್ತು ಏದುಸಿರು ಬಿಡುತ್ತ ಬಾಗಿಲಿಗೆ ಬಂದಿದ್ದಳು.

"ತಿನ್ನು," ಅಂದಳು ಮುದುಕಿ ದನಿ ಎತ್ತರಿಸಿ. "ಆರಿಹೋಗುತ್ತೆ."